ಶಿವಮೊಗ್ಗದಲ್ಲಿ ಪ್ಲೇಸ್‌ಮೆಂಟ್ ಕಚೇರಿ: ಯಾರಿಂದ ದುಡ್ಡು ತಗೋಬಹುದು, ಯಾರ ವಿಷಯ ಯಾರಿಗೆ ಹೇಳಬಹುದು?

ದುರ್ಗಿಗುಡಿ ಮಹಡಿ (ಪ್ರಶ್ನೆ)

ಎಲ್ಲರಿಗೂ ನಮಸ್ಕಾರ. ದುರ್ಗಿಗುಡಿಯಲ್ಲಿ ನಾವಿಬ್ಬರು ಸೇರಿ ಪ್ಲೇಸ್‌ಮೆಂಟ್ ಕಚೇರಿ ತೆಗೀತಿದ್ದೇವೆ. ಮಾಚೇನಹಳ್ಳಿ ಕಡೆಯ ಫೌಂಡ್ರಿ, ಮಷಿನ್ ಶಾಪ್, ಗಾರ್ಮೆಂಟ್ಸ್‌ಗೆ ಐಟಿಐ ಮತ್ತು ಡಿಪ್ಲೊಮಾದವರು, ಊರೊಳಗಿನ ಆಸ್ಪತ್ರೆ ಮತ್ತು ಶೋರೂಂಗಳಿಗೆ ಬಿಲ್ಲಿಂಗ್, ಅಕೌಂಟ್ಸ್, ಸೇಲ್ಸ್‌ನವರು, ಜೊತೆಗೆ ಸ್ವಲ್ಪ ಬೆಂಗಳೂರಿನ ಕೆಲಸ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಕಾಯ್ದೆಯಡಿ ನೋಂದಣಿ ಆಗಿದೆ, ಉದ್ಯಮ್ (ಸಣ್ಣ ಉದ್ಯಮಗಳ ಸರ್ಕಾರಿ) ನೋಂದಣಿ ಆಗಿದೆ, ಬ್ಯಾಂಕ್ ಖಾತೆ ಆಗಿದೆ. ಬೋರ್ಡು ಹಾಕೋ ಮೊದಲು ಈ ವೃತ್ತಿಯಲ್ಲಿ ಯಾವುದು ನಡೆಯುತ್ತೆ, ಯಾವುದು ನಡೆಯಬಾರದು ಅಂತ ತಿಳಿದವರಿಂದ ಕೇಳಬೇಕು ಅನ್ನಿಸ್ತು.

ಮೊದಲನೆಯದು ದುಡ್ಡು. ಕೆಲವು ಕಡೆ ಅಭ್ಯರ್ಥಿಯಿಂದ ನೋಂದಣಿಗೆ 500 ರೂಪಾಯಿ, ಕೆಲಸ ಸಿಕ್ಕಿದ ಮೇಲೆ ಮೊದಲ ಸಂಬಳದಲ್ಲಿ ಅರ್ಧ ತಗೊಳ್ಳೋ ರೂಢಿ ಇದೆ. ಕಂಪನಿಯಿಂದಲೇ ತಗೊಳ್ಳೋಣ ಅಂದ್ರೆ ಸಣ್ಣ ಮಾಲೀಕರು "ಜನ ಗೇಟಿಗೇ ಬಂದು ನಿಲ್ತಾರೆ, ನಿಮಗ್ಯಾಕೆ ಕೊಡಬೇಕು" ಅಂತಾರೆ. ಎರಡೂ ಕಡೆಯಿಂದ ಸ್ವಲ್ಪ ಸ್ವಲ್ಪ ತಗೊಂಡ್ರೆ ತಪ್ಪಾ?

ಇನ್ನು, ಕೇಳುವ ರೀತಿ. ಒಬ್ಬರು "ಮದುವೆಯಾಗದ ಹೆಣ್ಣುಮಕ್ಕಳನ್ನೇ ಕಳಿಸಿ" ಅಂತಾರೆ, ಇನ್ನೊಬ್ಬರು "ನಮ್ಮ ಪೈಕಿಯವರಾದ್ರೆ ಅನುಕೂಲ" ಅಂತಾರೆ. ಒಂದು ಕಡೆ ಎಚ್‌ಆರ್ ನೇರವಾಗಿಯೇ ಬಿಲ್ಲಿನಲ್ಲಿ 20 ಪರ್ಸೆಂಟ್ ತನಗೆ ವಾಪಸ್ ಬರಬೇಕು ಅಂದಿದ್ದಾರೆ. ಸೇರಿದವರು ಮೂರು ತಿಂಗಳೊಳಗೆ ಓಡಿ ಹೋಗದ ಹಾಗೆ ಒರಿಜಿನಲ್ ಮಾರ್ಕ್ಸ್ ಕಾರ್ಡ್ ಇಟ್ಟುಕೊಳ್ಳಿ ಅನ್ನೋದು ಮತ್ತೊಬ್ಬರ ಸಲಹೆ. ಮುಂಬೈನ ಏಜೆಂಟೊಬ್ಬರು ಗಲ್ಫ್‌ಗೆ ಡ್ರೈವರ್, ವೆಲ್ಡರ್ ಹುಡುಕಿಕೊಟ್ಟರೆ ತಲೆಗೆ ಇಷ್ಟು ಅಂತ ಕೊಡ್ತಾರಂತೆ.

ಕೊನೆಗೆ, ಇಲ್ಲಿನ ಫೌಂಡ್ರಿಗಳಲ್ಲಿ ಮೋಲ್ಡರ್, ಫೆಟ್ಲರ್, ಸಿಎನ್‌ಸಿ ಆಪರೇಟರ್ ಅಂದ್ರೆ ಅದೇ ಜನ ಸುತ್ತಾಡ್ತಿರ್ತಾರೆ. ಒಬ್ಬ ಕ್ಲೈಂಟ್ ಹತ್ತಿರ ಇರೋರನ್ನ ಇನ್ನೊಬ್ಬ ಕ್ಲೈಂಟ್‌ಗೆ ಕಳಿಸಬಹುದಾ?


ತುಂಗಾ ಸೇತುವೆ

ದುಡ್ಡಿನ ವಿಷಯ ಬಗೆಹರಿದರೆ ಉಳಿದದ್ದರಲ್ಲಿ ಅರ್ಧ ತಾನಾಗಿ ಬಗೆಹರಿಯುತ್ತೆ.

ಅಭ್ಯರ್ಥಿಯಿಂದ ಒಂದು ರೂಪಾಯಿಯೂ ಬೇಡ. ನೋಂದಣಿ, ಫಾರಂ, ಬಯೋಡೇಟಾ ತಿದ್ದುವ ಖರ್ಚು, ಯಾವ ಹೆಸರಲ್ಲೂ ಬೇಡ. ಲೆಕ್ಕ ಹಾಕಿ ನೋಡಿ. ನೂರು ಜನ 500ರಂತೆ ಕೊಟ್ಟರೆ 50,000. ಒಬ್ಬರಿಗೂ ಕೆಲಸ ಕೊಡಿಸದೆ ತಿಂಗಳ ಬಾಡಿಗೆ, ಕಚೇರಿ ಹುಡುಗನ ಸಂಬಳ ಎರಡೂ ಗಿಟ್ಟುತ್ತೆ. ಆಮೇಲೆ ಕೆಲಸ ಇಲ್ಲದಿದ್ದರೂ ಜಾಹೀರಾತು ಹಾಕುವ ಮನಸ್ಸು ಬಂದೇ ಬರುತ್ತೆ. ಈ ವೃತ್ತಿಯಲ್ಲಿ ಮೋಸ ಶುರುವಾಗೋದು ಬಹುತೇಕ ಇಲ್ಲಿಂದಲೇ.

ದೇಶದೊಳಗಿನ ಕೆಲಸಕ್ಕೆ ಅಭ್ಯರ್ಥಿಯಿಂದ ಶುಲ್ಕ ಪಡೆಯೋದನ್ನ ನೇರವಾಗಿ ನಿಷೇಧಿಸುವ ಕೇಂದ್ರ ಕಾಯ್ದೆ ಇಲ್ಲ, ನಿಜ. ಆದರೆ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆಯ 1997ರ 181ನೇ ಒಡಂಬಡಿಕೆಯ 7ನೇ ವಿಧಿ, ಖಾಸಗಿ ಏಜೆನ್ಸಿಗಳು ಕೆಲಸಗಾರರಿಂದ ನೇರವಾಗಿಯಾಗಲಿ ಸುತ್ತುಬಳಸಿಯಾಗಲಿ ಶುಲ್ಕ ಪಡೆಯಬಾರದು ಅನ್ನುತ್ತೆ. ಭಾರತ ಅದನ್ನು ಅನುಮೋದಿಸಿಲ್ಲ. ಆದರೂ ಅದು ಮಾಚೇನಹಳ್ಳಿಗೆ ಬೇರೆ ದಾರಿಯಲ್ಲಿ ಬಂದು ತಲುಪುತ್ತೆ. ಹೊರದೇಶದ ಬ್ರಾಂಡ್‌ಗೆ ಬಟ್ಟೆ ಹೊಲಿಯುವ ಕಾರ್ಖಾನೆಗಾಗಲಿ, ದೊಡ್ಡ ವಾಹನ ಕಂಪನಿಗೆ ಎರಕ ಕೊಡುವ ಫೌಂಡ್ರಿಗಾಗಲಿ ಖರೀದಿದಾರರ ಆಡಿಟ್ ಬಂದರೆ, ಕೆಲಸಗಾರರನ್ನು ಒಬ್ಬೊಬ್ಬರಾಗಿ ಕೂರಿಸಿಕೊಂಡು "ಈ ಕೆಲಸ ಸಿಗೋದಕ್ಕೆ ಯಾರಿಗಾದ್ರೂ ದುಡ್ಡು ಕೊಟ್ಟಿದ್ದೀರಾ" ಅಂತ ಕೇಳ್ತಾರೆ. ಹೌದು ಅಂದ್ರೆ ಆ ಹಣ ವಾಪಸ್ ಕೊಡಿಸುವ ಹೊಣೆ ಕಂಪನಿಯ ತಲೆಗೆ ಬರುತ್ತೆ. ನಿಮ್ಮ ಕರಾರು ಅಲ್ಲಿಗೆ ಮುಗೀತು.

ಕಂಪನಿಯಿಂದ ಪಡೆಯುವುದಕ್ಕೆ ಚಾಲ್ತಿಯಲ್ಲಿರೋ ದರ ವಾರ್ಷಿಕ ಸಿಟಿಸಿಯ (ಒಬ್ಬ ನೌಕರನಿಗೆ ಕಂಪನಿ ಮಾಡೋ ಒಟ್ಟು ಖರ್ಚು) 8.33 ಪರ್ಸೆಂಟ್, ಅಂದ್ರೆ ಒಂದು ತಿಂಗಳ ಸಂಬಳ. 3 ಲಕ್ಷದ ಹುದ್ದೆಗೆ ಸುಮಾರು 25,000. ವರ್ಷದ ವಹಿವಾಟು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಕಡ್ಡಾಯ, ಮೇಲೆ 18 ಪರ್ಸೆಂಟ್. ಆಪರೇಟರ್, ಹೆಲ್ಪರ್ ಮಟ್ಟದ ಕೆಲಸಕ್ಕೆ ಈ ಲೆಕ್ಕ ಹೊಂದಲ್ಲ, ಅಲ್ಲಿ ತಲೆಗೆ ನಿಗದಿತ ಮೊತ್ತ ಮಾತಾಡಿಕೊಳ್ಳಿ. ಸಣ್ಣ ಮಾಲೀಕರು ಹಿಂಜರಿಯೋದು ಒಂದೇ ಸಲ ಕೊಡೋದಕ್ಕೆ. ಅರ್ಧ ಸೇರಿದ ದಿನ, ಅರ್ಧ 60 ದಿನ ಉಳಿದ ಮೇಲೆ ಅಂತ ಮುರಿದು ಕೊಟ್ಟರೆ ಒಪ್ಪೋರು ಇದ್ದಾರೆ. ಉದ್ಯಮ್ ನೋಂದಣಿ ಇದೆ ಅಂದಿರಲ್ಲ, ಆ ಸಂಖ್ಯೆಯನ್ನ ಬಿಲ್ಲಿನ ಮೇಲೇ ಹಾಕಿ. 2006ರ ಎಂಎಸ್‌ಎಂಇ ಕಾಯ್ದೆ ಪ್ರಕಾರ ಸಣ್ಣ ಘಟಕಗಳ ಬಾಕಿ ಹೆಚ್ಚೆಂದರೆ 45 ದಿನದೊಳಗೆ ಕೊಡಬೇಕು. ತಡವಾದ ಬಾಕಿಯನ್ನು ಆದಾಯ ತೆರಿಗೆ ಲೆಕ್ಕದಲ್ಲಿ ಆ ವರ್ಷದ ಖರ್ಚಾಗಿ ತೋರಿಸೋಕೂ ಆಗಲ್ಲ. ಅವರ ಅಕೌಂಟೆಂಟ್‌ಗೆ ಇದು ಗೊತ್ತಿರುತ್ತೆ.

ರಿಪ್ಲೇಸ್‌ಮೆಂಟ್ ಅವಧಿ, ಅಂದ್ರೆ ಸೇರಿದವರು ಬಿಟ್ಟರೆ ನೀವು ಬದಲಿ ಜನ ಕೊಡಬೇಕಾದ ಅವಧಿ, 60 ಅಥವಾ 90 ದಿನ. ಯಾವ ಕಾರಣಕ್ಕೆ ಬಿಟ್ಟರೆ ನಿಮ್ಮ ಹೊಣೆ ಅನ್ನೋದನ್ನ ಕರಾರಿನಲ್ಲೇ ಬರೆಯಿರಿ. ಹೇಳಿದ ಕೆಲಸ ಬಿಟ್ಟು ಬೇರೆ ಕೆಲಸ ಹಚ್ಚಿದರೆ, ಸಂಬಳ ತಡವಾದರೆ, ಕಂಪನಿಯೇ ಹುದ್ದೆ ತೆಗೆದರೆ ನಿಮ್ಮ ಹೊಣೆ ಅಲ್ಲ. ಇದನ್ನು ಬರೆಯದೆ ಬಿಟ್ಟರೆ ಎರಡು ಕೆಟ್ಟ ಚಾಳಿ ಹುಟ್ಟುತ್ತೆ. ಒಂದು, 80ನೇ ದಿನ ಬಿಡ್ತೀನಿ ಅಂದವನನ್ನ "ಇನ್ನೊಂದು ಹತ್ತು ದಿನ ಕಣ್ಣು ಮುಚ್ಕೊಂಡು ಇರು" ಅಂತ ಪುಸಲಾಯಿಸೋದು. ಇನ್ನೊಂದು, 91ನೇ ದಿನ ಅದೇ ಹುಡುಗನನ್ನ ಪಕ್ಕದ ಫ್ಯಾಕ್ಟರಿಗೆ ಎಬ್ಬಿಸಿ ಮತ್ತೊಂದು ಬಿಲ್ ಹಾಕೋದು. ಎರಡನೆಯದಕ್ಕೆ ಶಿವಮೊಗ್ಗದಂಥ ಊರಲ್ಲಿ ಕ್ಷಮೆ ಇಲ್ಲ. ಮಾಲೀಕರೆಲ್ಲ ಒಂದೇ ಸಂಘದ ಸಭೆಯಲ್ಲಿ ಕೂರೋರು.

ನಿಮ್ಮ ಕೊನೆಯ ಪ್ರಶ್ನೆಗೆ ಉತ್ತರವೂ ಇದರಲ್ಲೇ ಇದೆ. ನೀವು ಸೇರಿಸಿದವರನ್ನ, ಅವರು ಆ ಕಂಪನಿಯಲ್ಲಿ ಇರೋವರೆಗೂ ನೀವಾಗಿ ಬೇರೆ ಕೆಲಸಕ್ಕೆ ಕರೆಯಬಾರದು, ಮುಟ್ಟಬಾರದು. ಕ್ಲೈಂಟ್‌ನ ಬೇರೆ ನೌಕರರನ್ನ ಕೊನೆಯ ಬಿಲ್ಲಿನಿಂದ 12 ತಿಂಗಳು ಮುಟ್ಟಬಾರದು. ದೊಡ್ಡ ಊರಲ್ಲಿ ಇದು ಸಲೀಸು. ಇಲ್ಲಿ ನಾಲ್ಕು ಫೌಂಡ್ರಿಗೆ ಈ ಮಾತು ಕೊಟ್ಟರೆ ನಿಮಗೆ ಮೋಲ್ಡರ್‌ಗಳೇ ಸಿಗಲ್ಲ. ಹಾಗಾಗಿ ಎಲ್ಲರಿಗೂ ಇಡೀ ಕಂಪನಿಯ ಮಾತು ಕೊಡಬೇಡಿ. "ನಾವು ಸೇರಿಸಿದವರು, ಮತ್ತು ನಾವು ಕೆಲಸ ಮಾಡಿಕೊಟ್ಟ ವಿಭಾಗ" ಅಂತ ಗಡಿ ಹಾಕಿ. ಪಾಲಿಸೋಕೆ ಆಗೋಷ್ಟನ್ನೇ ಬರೆಯಿರಿ. ಹುಡುಗ ತಾನಾಗಿ ಜಾಹೀರಾತು ನೋಡಿ ಅರ್ಜಿ ಹಾಕಿದ್ರೆ? ಅವನ ದಾರಿಗೆ ಅಡ್ಡ ಬರೋ ಹಕ್ಕು ನಿಮಗಿಲ್ಲ. ಅವನ ಅರ್ಜಿಯ ದಿನಾಂಕ, ಸಂದೇಶ ದಾಖಲೆಯಲ್ಲಿ ಇಟ್ಟುಕೊಳ್ಳಿ, ಸಾಕು.


ನೈಟ್ ಶಿಫ್ಟ್ ಎಚ್‌ಆರ್

ಕಾರ್ಖಾನೆ ಕಡೆಯಿಂದ ನನ್ನ ಮಾತು.

20 ಪರ್ಸೆಂಟ್ ಕೇಳಿದ ಎಚ್‌ಆರ್ ವಿಷಯ ಮೊದಲು. ಕೊಟ್ಟರೆ ನೀವು ಅವರ ಕೈಗೊಂಬೆ. ಮುಂದೆ ಅವರು ಹೇಳಿದವರ ಹೆಸರನ್ನೇ ನಿಮ್ಮ ಬಿಲ್ಲಿನಲ್ಲಿ ತೋರಿಸಬೇಕಾಗುತ್ತೆ, ಅಂದ್ರೆ ಕಂಪನಿಗೆ ತಾನಾಗಿ ಬಂದವರಿಗೂ ಶುಲ್ಕ. ಬಾಯಲ್ಲಿ ಜಗಳ ಮಾಡೋ ಅಗತ್ಯ ಇಲ್ಲ. ಕರಾರಿಗೆ ಮಾಲೀಕರ ಅಥವಾ ನಿರ್ದೇಶಕರ ಸಹಿ ಇರಲಿ, ಹಣ ಕಂಪನಿ ಖಾತೆಯಿಂದ ನಿಮ್ಮ ಖಾತೆಗೇ ಬರಲಿ. ಯಾವ ರಿಯಾಯಿತಿ ಇದ್ದರೂ ಬಿಲ್ಲಿನ ಮೇಲೇ ಕಾಣಲಿ. "20 ಪರ್ಸೆಂಟ್ ಕಡಿಮೆ ಮಾಡ್ತೀವಿ ಸರ್, ಬಿಲ್ಲಲ್ಲೇ ಕಂಪನಿಗೆ ಕೊಡ್ತೀವಿ" ಅನ್ನಿ. ಮಾತು ಅಲ್ಲಿಗೇ ನಿಲ್ಲುತ್ತೆ. ಆ ಕ್ಲೈಂಟ್ ಹೋದರೂ ಹೋಗಲಿ.

ಮದುವೆಯಾಗದವರೇ ಬೇಕು ಅನ್ನೋದಕ್ಕೆ "ಯಾಕೆ" ಅಂತ ಕೇಳಿ. ಹತ್ತರಲ್ಲಿ ಎಂಟು ಸಲ ಉತ್ತರ ರಜೆ ಅಥವಾ ಶಿಫ್ಟ್ ಆಗಿರುತ್ತೆ. ಹಾಗಿದ್ದರೆ ಬೇಡಿಕೆಯನ್ನು ಕೆಲಸದ ಮಾತಿಗೆ ತಿರುಗಿಸಿ: ಬೆಳಗ್ಗೆ 6ರ ಶಿಫ್ಟ್, ವಾರಕ್ಕೆ ಆರು ದಿನ, ಇಂಥ ನಿಲ್ದಾಣದಿಂದ ಕಂಪನಿ ಬಸ್ ಇದೆ. ಇದನ್ನು ಎಲ್ಲರಿಗೂ ಹೇಳಿ, ಆಗುತ್ತೆ ಅನ್ನೋರು ಬರ್ತಾರೆ. ಮದುವೆ ಆಗಿದೆಯೋ ಇಲ್ಲವೋ ನಿಮ್ಮ ಫಾರಂನಲ್ಲೇ ಬೇಡ. ಹೊಸನಗರ ಕಡೆಯ ಹಳ್ಳಿಯವಳಾದ್ರೆ ಬರೋಕಾಗಲ್ಲ ಅಂತ ನೀವೇ ತೀರ್ಮಾನಿಸೋದೂ ಅದೇ ಬಗೆಯ ತಪ್ಪು. ಅವಳು ಮಾಚೇನಹಳ್ಳಿ ಹತ್ತಿರ ಪಿಜಿ ಹಿಡಿದಿರಬಹುದು. ಊರು ಯಾವುದು ಅಂತ ಕೇಳೋ ಬದಲು "6 ಗಂಟೆಗೆ ಗೇಟಿನಲ್ಲಿ ಇರೋಕಾಗುತ್ತಾ" ಅಂತ ಕೇಳಿ.

"ನಮ್ಮ ಪೈಕಿ" ಅನ್ನೋದಕ್ಕೆ ಒಂದೇ ಉತ್ತರ, ಆ ಮಾಹಿತಿ ನಾವು ಸಂಗ್ರಹಿಸಲ್ಲ. ಸಂಗ್ರಹಿಸದಿದ್ದರೆ ಕೊಡೋ ಪ್ರಶ್ನೆಯೇ ಬರಲ್ಲ. ಕಳಿಸುವ ಪ್ರತಿಯಲ್ಲಿ ಫೋಟೊ, ತಂದೆಯ ಹೆಸರು, ಜಾತಿ, ಧರ್ಮ, ಹುಟ್ಟೂರು ತೆಗೆದುಬಿಡಿ. ಹೆಸರಿನಲ್ಲೇ ಗೊತ್ತಾಗುತ್ತಲ್ಲ ಅಂತೀರಿ. ಮೊದಲ ಸುತ್ತಿಗೆ ಕೋಡ್ ಸಂಖ್ಯೆ ಹಾಕಿ ಕಳಿಸಿ. ಇದಕ್ಕೆ ಇನ್ನೊಂದು ಲಾಭವೂ ಇದೆ. ಈ ಊರಲ್ಲಿ ಒಂದು ಫೌಂಡ್ರಿಯ ಮಾಲೀಕರಿಗೂ ಇನ್ನೊಂದರ ಮಾಲೀಕರಿಗೂ ಬೀಗತನವೋ ಸ್ನೇಹವೋ ಇದ್ದೇ ಇರುತ್ತೆ. ಈಗ ಕೆಲಸದಲ್ಲಿರುವವನ ಪೂರ್ತಿ ಬಯೋಡೇಟಾ ಬೆಳಗ್ಗೆ ಕಳಿಸಿದ್ರೆ ಸಂಜೆಯೊಳಗೆ ಅವನ ಮ್ಯಾನೇಜರ್‌ಗೆ ಗೊತ್ತು. ಹೆಸರು, ಫೋನು, ಈಗಿನ ಕಂಪನಿ ಮೂರನ್ನೂ ಮುಚ್ಚಿ ಕಳಿಸಿ, ಇಂಟರ್‌ವ್ಯೂ ನಿಗದಿಯಾದ ಮೇಲೆ ಅವನನ್ನ ಕೇಳಿ ತೆರೆಯಿರಿ. ಅಭ್ಯರ್ಥಿಯ ಹಿಂದಿನ ಕೆಲಸದ ಬಗ್ಗೆ ವಿಚಾರಣೆಯೂ ಹಾಗೇ. ಅಭ್ಯರ್ಥಿ ಕೊಟ್ಟ ಇಬ್ಬರಿಗೆ ಮಾತ್ರ ಫೋನ್ ಮಾಡಿ. ಈಗಿನ ಕಂಪನಿಗೆ, ಆಫರ್ ಒಪ್ಪಿ ರಾಜೀನಾಮೆ ಕೊಡೋವರೆಗೂ ಮಾಡಬೇಡಿ. "ಅಲ್ಲಿ ನಮ್ಮ ಪರಿಚಯದವರೊಬ್ಬರು ಇದ್ದಾರೆ, ಸುಮ್ಮನೆ ಕೇಳ್ತೀನಿ" ಅನ್ನೋದರಿಂದ ಕೆಲಸ ಕಳೆದುಕೊಳ್ಳೋರು ಇದ್ದಾರೆ.

ಇನ್ನೊಂದು, ನೀವು ಕೇಳದೇ ಇದ್ದದ್ದು. ಸಂಬಳ ಹೇಳುವ ರೀತಿ. ಸೇರಿದವರು ಬಿಡೋದಕ್ಕೆ ದೊಡ್ಡ ಕಾರಣ ಇದೇ, ಮಾರ್ಕ್ಸ್ ಕಾರ್ಡ್ ಇಟ್ಟುಕೊಂಡು ತಡೆಯೋಕೆ ಆಗೋದಲ್ಲ. ಕಂಪನಿ "20,000" ಅಂದ್ರೆ ಅದು ಸಿಟಿಸಿ. ಬೇಸಿಕ್ ಮತ್ತು ಡಿಎ ಸೇರಿ 14,000 ಅಂತ ಇಟ್ಟುಕೊಳ್ಳಿ. ಮಾಲೀಕರ ಪಾಲಿನ ಪಿಎಫ್ 12 ಪರ್ಸೆಂಟ್, 1,680. ಗ್ರಾಚ್ಯುಟಿ 4.81 ಪರ್ಸೆಂಟ್, 673. ಮಾಲೀಕರ ಇಎಸ್‌ಐ, ಗ್ರಾಸ್ (ಕಡಿತಕ್ಕೆ ಮೊದಲಿನ ಸಂಬಳ) ಮೇಲೆ 3.25 ಪರ್ಸೆಂಟ್, ಸುಮಾರು 555. ಇವೆಲ್ಲ ಆ 20,000ದ ಒಳಗೇ ಇವೆ. ಉಳಿದ ಗ್ರಾಸ್ 17,092. ಅದರಲ್ಲಿ ಹುಡುಗನ ಪಾಲಿನ ಪಿಎಫ್ 1,680, ಇಎಸ್‌ಐ 0.75 ಪರ್ಸೆಂಟ್ ಅಂದ್ರೆ 128 ಕಳೆದರೆ ಕೈಗೆ ಬರೋದು ಸುಮಾರು 15,280. ತಿಂಗಳ ಸಂಬಳ 25,000 ಮುಟ್ಟದ ಕಾರಣ ವೃತ್ತಿ ತೆರಿಗೆ ಇಲ್ಲ. ಕ್ಯಾಂಟೀನ್, ಬಸ್ ಕಡಿತ ಇದ್ದರೆ ಇನ್ನೂ ಕಡಿಮೆ. ಬಾಯಲ್ಲಿ 20,000 ಕೇಳಿ ಬಂದವನು ಮೊದಲ ಸ್ಲಿಪ್ ನೋಡಿ ಬಿಟ್ಟು ಹೋದರೆ ತಪ್ಪು ಅವನದಲ್ಲ. ಈ ಲೆಕ್ಕವನ್ನು ಕಂಪನಿಯಿಂದಲೇ ತರಿಸಿ, ಕನ್ನಡದಲ್ಲಿ ಬರೆದು, ಇಂಟರ್‌ವ್ಯೂಗೆ ಮೊದಲೇ ಕೊಡಿ.

ಕೆಲವು ಹುಡುಗರೇ "ಪಿಎಫ್ ಬೇಡ ಸರ್, ಯುವನಿಧಿ ನಿಂತುಹೋಗುತ್ತೆ" ಅಂತಾರೆ. ಡಿಗ್ರಿಯವರಿಗೆ 3,000, ಡಿಪ್ಲೊಮಾದವರಿಗೆ 1,500 ಬರುತ್ತಲ್ಲ, ಅದಕ್ಕೆ. ಕೆಲಸ ಇಲ್ಲ ಅಂತ ಅವರು ಘೋಷಣೆ ಕೊಡಬೇಕು. ಅದು ಸುಳ್ಳಾದ್ರೆ ತೊಂದರೆ ಅವರಿಗೇ. ಕ್ಯಾಶ್ ಸಂಬಳಕ್ಕೆ ಕುದುರಿಸಿಕೊಟ್ಟರೆ ಆ ಸುಳ್ಳಿನಲ್ಲಿ ನೀವೂ ಪಾಲುದಾರರು.


ಗಾಂಧಿಬಜಾರ್ ಲೆಕ್ಕ

ಎಲ್ಲ ಚೆನ್ನಾಗಿದೆ ಮಾರಾಯ್ರೆ, ಆದ್ರೆ ಬಟ್ಟೆ ಅಂಗಡಿಗೆ 12,000 ಸಂಬಳದ ಸೇಲ್ಸ್ ಹುಡುಗಿ ಬೇಕು ಅನ್ನೋ ಮಾಲೀಕರು 8.33 ಪರ್ಸೆಂಟ್ ಕೊಡ್ತಾರಾ? ಕೊಡಲ್ಲ. ಅಭ್ಯರ್ಥಿಯಿಂದ 300-400 ರಶೀದಿ ಕೊಟ್ಟು ತಗೊಂಡು, ಕೆಲಸ ಸಿಗದಿದ್ರೆ ವಾಪಸ್ ಕೊಡ್ತೀವಿ ಅಂದ್ರೆ ಯಾರಿಗೂ ನಷ್ಟ ಇಲ್ಲ. ಸಣ್ಣ ಊರಿನ ವ್ಯವಹಾರ ಸಣ್ಣ ಊರಿನ ಹಾಗೇ ಇರಬೇಕಾಗುತ್ತೆ.


ತುಂಗಾ ಸೇತುವೆ

ಲೆಕ್ಕ ಸರಿ, ಪರಿಹಾರ ಒಪ್ಪಲ್ಲ. ವಾಪಸ್ ಕೊಡ್ತೀವಿ ಅನ್ನೋದು ಕಾಗದದಲ್ಲೇ ಉಳಿಯುತ್ತೆ. 300 ರೂಪಾಯಿಗೋಸ್ಕರ ಸೊರಬದಿಂದ ಬಸ್ಸಿಗೆ ಖರ್ಚು ಮಾಡಿಕೊಂಡು ಯಾರೂ ಬರಲ್ಲ, ಅದು ತಗೊಂಡವರಿಗೂ ಗೊತ್ತು.

ಅಂಗಡಿಗಳಿಗೆ ಪ್ರತಿ ಹುದ್ದೆಗೆ ಬಿಲ್ ಹಾಕೋದು ಬಿಟ್ಟು ವಾರ್ಷಿಕ ಚಂದಾ ಇಡಿ. ವರ್ಷಕ್ಕೆ ಇಷ್ಟು ಕೊಟ್ಟರೆ ನಾಲ್ಕು ಹುದ್ದೆವರೆಗೆ ಜನ ತೋರಿಸ್ತೀವಿ ಅಂತ. ಬಟ್ಟೆ ಅಂಗಡಿಯವರಿಗೆ ಹಬ್ಬದ ಮುಂಚೆ ಜನ ಬೇಕಾಗೋದು ಹೇಗೂ ಗೊತ್ತಿರೋದೇ. ಅದೂ ಒಪ್ಪದವರು ನಿಮ್ಮ ಕ್ಲೈಂಟ್ ಅಲ್ಲ ಅಂತ ಬಿಟ್ಟುಬಿಡಿ. ಬೋರ್ಡಿನ ಕೆಳಗೆ ದೊಡ್ಡದಾಗಿ "ಕೆಲಸ ಹುಡುಕುವವರಿಂದ ಯಾವುದೇ ಹಣ ಪಡೆಯುವುದಿಲ್ಲ" ಅಂತ ಬರೆಸಿ. ನಿಮ್ಮ ಲೋಗೊ ಕದ್ದು ವಾಟ್ಸ್‌ಆ್ಯಪ್‌ನಲ್ಲಿ ದುಡ್ಡು ಕೇಳೋರು ಹುಟ್ಟಿದಾಗ ಆ ಒಂದು ಸಾಲೇ ನಿಮ್ಮನ್ನ ಕಾಯೋದು. ಹಾಗೆ ಮೋಸ ಹೋದವರು ಬಂದ್ರೆ ತಡಮಾಡದೆ ಸೈಬರ್ ವಂಚನೆ ಸಹಾಯವಾಣಿ 1930ಕ್ಕೆ ಫೋನ್ ಮಾಡಿಸಿ. ಬೇಗ ಮಾಡಿದಷ್ಟೂ ಹಣ ತಡೆಹಿಡಿಯೋ ಸಾಧ್ಯತೆ ಹೆಚ್ಚು.


ಕಾನೂನು ಕಟ್ಟೆ

ಉಳಿದ ಪ್ರಶ್ನೆಗಳಿಗೆ.

ಒರಿಜಿನಲ್ ಮಾರ್ಕ್ಸ್ ಕಾರ್ಡ್ ಒಂದು ರಾತ್ರಿಯೂ ನಿಮ್ಮ ಕಪಾಟಿನಲ್ಲಿ ಇರಬಾರದು. ಎದುರಿಗೇ ನೋಡಿ, ಜೆರಾಕ್ಸ್ ಮೇಲೆ "ಮೂಲದೊಂದಿಗೆ ತಾಳೆ ನೋಡಿದೆ" ಅಂತ ಬರೆದು ಸಹಿ, ದಿನಾಂಕ ಹಾಕಿ, ಮೂಲ ಅವರ ಕೈಗೇ ಕೊಡಿ. ಬಾಂಡ್ ಬೇರೆ ವಿಷಯ. ಕನಿಷ್ಠ ಸೇವಾವಧಿಯ ಷರತ್ತು ತಾನಾಗಿ ಕಾನೂನುಬಾಹಿರ ಅಲ್ಲ. ವಿಜಯಾ ಬ್ಯಾಂಕ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2025ರ ಮೇನಲ್ಲಿ ಮೂರು ವರ್ಷ ಅಥವಾ 2 ಲಕ್ಷ ರೂಪಾಯಿ ಅನ್ನುವ ಷರತ್ತನ್ನು ಎತ್ತಿಹಿಡಿದಿದೆ. ಆದರೆ ಅದು ನೌಕರ ಮತ್ತು ಸಂಸ್ಥೆಯ ನಡುವಿನ ಕರಾರು. ನಡುವೆ ನಿಂತ ನೀವು ಯಾರ ಕಾಗದವನ್ನೂ ಒತ್ತೆ ಇಟ್ಟುಕೊಳ್ಳೋ ಹಾಗಿಲ್ಲ. ಬಾಂಡ್ ಇರೋ ಕೆಲಸವಾದ್ರೆ ಇಂಟರ್‌ವ್ಯೂಗೆ ಮೊದಲೇ ಹೇಳಿ.

ಗಲ್ಫ್ ವಿಷಯಕ್ಕೆ ಬೇಡ ಅಂದುಬಿಡಿ. 1983ರ ವಲಸೆ ಕಾಯ್ದೆಯ 10ನೇ ಕಲಂ ಪ್ರಕಾರ ನೋಂದಣಿ ಪ್ರಮಾಣಪತ್ರ ಇಲ್ಲದೆ ವಿದೇಶಿ ಕೆಲಸಕ್ಕೆ ನೇಮಕಾತಿ ಮಾಡುವಂತಿಲ್ಲ. 24ನೇ ಕಲಂನಲ್ಲಿ ಎರಡು ವರ್ಷದವರೆಗೆ ಜೈಲು ಇದೆ. ಸಬ್ ಏಜೆಂಟ್ ಅನ್ನೋ ಸ್ಥಾನವೇ ಆ ಕಾಯ್ದೆಯಲ್ಲಿ ಇಲ್ಲ. ತಲೆಗಿಷ್ಟು ಅಂತ ತಗೊಂಡ್ರೆ ನೀವು ನೋಂದಣಿ ಇಲ್ಲದ ಏಜೆಂಟ್, ಅಷ್ಟೇ. ವಿದೇಶಿ ಕೆಲಸಕ್ಕೆ ಮಾತ್ರ ಕೆಲಸಗಾರನಿಂದ ಶುಲ್ಕ ಪಡೆಯೋದಕ್ಕೆ ನಿಯಮದಲ್ಲೇ ಅವಕಾಶ ಇದೆ. ಅದೂ ನೋಂದಾಯಿತ ಏಜೆಂಟ್, ರಶೀದಿ ಕೊಟ್ಟು, ಗರಿಷ್ಠ 30,000 ಮತ್ತು ಜಿಎಸ್‌ಟಿ. ಯಾರಾದ್ರೂ ವಿಚಾರಿಸಿಕೊಂಡು ಬಂದ್ರೆ ಕೇಂದ್ರ ಸರ್ಕಾರದ ಇ-ಮೈಗ್ರೇಟ್ ಜಾಲತಾಣದಲ್ಲಿ ಏಜೆಂಟ್ ಹೆಸರು ಹುಡುಕಿ ತೋರಿಸಿ. "ಈಗ ವಿಸಿಟ್ ವೀಸಾದಲ್ಲಿ ಹೋಗಿ, ಅಲ್ಲಿ ಬದಲಾಯಿಸ್ತೀವಿ" ಅಂದಿದ್ದಾರಾ ಅಂತ ಕೇಳಿ. ಹೌದು ಅಂದ್ರೆ ಹೋಗಬೇಡ ಅನ್ನಿ. ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟಿಗೆ ಕೊಲ್ಲಿ ರಾಷ್ಟ್ರಗಳಿಗೆ ಹೋಗೋ ಮೊದಲು ವಲಸೆ ಅನುಮತಿ ಬೇಕು. ವಿಸಿಟ್ ವೀಸಾ ಅನ್ನೋದು ಅದನ್ನೇ ತಪ್ಪಿಸೋ ದಾರಿ. ಅಲ್ಲಿ ಸಂಬಳ ನಿಂತರೆ ಅವನು ಕೆಲಸಗಾರ ಅಂತ ತೋರಿಸೋ ಕಾಗದವೇ ಇರಲ್ಲ.

ಲಿಂಗ ತಾರತಮ್ಯದ ಬಗ್ಗೆ ನೈಟ್ ಶಿಫ್ಟ್ ಎಚ್‌ಆರ್ ಮೇಡಂ ವ್ಯವಹಾರದ ದಾರಿ ಹೇಳಿದ್ದಾರೆ, ಕಾನೂನೂ ಇದೆ. 2025ರ ನವೆಂಬರ್ 21ರಿಂದ ನಾಲ್ಕು ಕಾರ್ಮಿಕ ಸಂಹಿತೆಗಳು ಜಾರಿಯಲ್ಲಿವೆ. ವೇತನ ಸಂಹಿತೆಯ 3ನೇ ಕಲಂ ಒಂದೇ ರೀತಿಯ ಕೆಲಸಕ್ಕೆ ನೇಮಕಾತಿಯಲ್ಲೇ ಲಿಂಗ ತಾರತಮ್ಯ ಮಾಡಬಾರದು ಅನ್ನುತ್ತೆ. ಬೆಳಗ್ಗೆ 6ಕ್ಕೆ ಮೊದಲು, ಸಂಜೆ 7ರ ನಂತರ ಮಹಿಳೆಯರು ಒಪ್ಪಿಗೆ ಕೊಟ್ಟು, ಸುರಕ್ಷತೆಯ ಷರತ್ತುಗಳೊಂದಿಗೆ ಕೆಲಸ ಮಾಡಬಹುದು. ಹಾಗಾಗಿ "ನೈಟ್ ಶಿಫ್ಟ್, ಗಂಡಸರೇ ಬೇಕು" ಅನ್ನೋದು ನೆಪವಾಗಲ್ಲ. ನೇಮಕಾತಿ ಪತ್ರವೂ ಈಗ ಎಲ್ಲ ನೌಕರರಿಗೆ ಕೊಡಲೇಬೇಕು. ನಿಮ್ಮ ಬಿಲ್ಲನ್ನು ಅದರ ಪ್ರತಿಗೆ ಕಟ್ಟಿಹಾಕಿ, ಪತ್ರ ಕೊಟ್ಟ ಮೇಲೇ ಸೇರ್ಪಡೆ ಅಂತ. ಆಸ್ಪತ್ರೆ, ಹೋಟೆಲ್‌ನವರು ಮೆಡಿಕಲ್ ಪರೀಕ್ಷೆಯಲ್ಲಿ ಎಚ್‌ಐವಿ ಸೇರಿಸೋದುಂಟು. 2017ರ ಕಾಯ್ದೆ ಪ್ರಕಾರ ಕೆಲಸಕ್ಕೆ ಅದನ್ನು ಷರತ್ತಾಗಿ ಇಡುವಂತಿಲ್ಲ. ಆ ವರದಿ ನಿಮ್ಮ ಇ-ಮೇಲ್ ಮೂಲಕ ಹಾದು ಹೋಗೋದೂ ಬೇಡ.

ಒಂದು ಎಚ್ಚರಿಕೆ. ನೀವು ಜನರನ್ನ ತೋರಿಸಿಕೊಡೋವರೆಗೆ ಇದು ಪ್ಲೇಸ್‌ಮೆಂಟ್. ಹಾಜರಿ ನಿಮ್ಮದು, ಸಂಬಳ ನಿಮ್ಮ ಖಾತೆಯಿಂದ ಅಂತಾದ ಕೂಡಲೇ ನೀವು ಗುತ್ತಿಗೆದಾರರು. ಪಿಎಫ್, ಇಎಸ್‌ಐ ಹೊಣೆ ನಿಮ್ಮದು, ಸಂಖ್ಯೆ 50 ಮುಟ್ಟಿದರೆ ಪರವಾನಗಿಯೂ ಬೇಕು. ಸೆಕ್ಯುರಿಟಿ ಗಾರ್ಡ್‌ಗಳನ್ನ ಹಾಗೆ ಒದಗಿಸೋದಕ್ಕೆ 2005ರ ಕಾಯ್ದೆಯಡಿ ಪ್ರತ್ಯೇಕ ಪರವಾನಗಿ ಇದೆ, ಒಬ್ಬರಿದ್ದರೂ ಸರಿ.

ತೀರ್ಥಹಳ್ಳಿ, ಕೊಪ್ಪದ ಕಡೆ ತೋಟಗಳಿಗೆ ಆಳು ಕೇಳ್ತಾರೆ, ಅಡಿಕೆ ಕೊಯ್ಲು ಬಂದಾಗ ಹೆಚ್ಚು. ಮೇಸ್ತ್ರಿಗಳ ಪದ್ಧತಿಯಂತೆ ಮುಂಗಡ ಕೊಟ್ಟು, ದಿನಗೂಲಿಯಲ್ಲಿ ತಮ್ಮ ಪಾಲು ಮುರಿದುಕೊಳ್ಳೋದಕ್ಕೆ ಕೈ ಹಾಕಬೇಡಿ. ಮುಂಗಡ ತೀರೋವರೆಗೆ ಬಿಡೋ ಹಾಗಿಲ್ಲ ಅಂದ ಕ್ಷಣ ಅದು 1976ರ ಜೀತ ಪದ್ಧತಿ ರದ್ದತಿ ಕಾಯ್ದೆಯೊಳಗೆ ಬರುತ್ತೆ.


ಸಹ್ಯಾದ್ರಿ ಕ್ಯಾಂಪಸ್

ಕಾಲೇಜುಗಳ ಕಡೆ ಬರೋದಿದ್ದರೆ ಎರಡೇ ಮಾತು. ಪೂಲ್ ಕ್ಯಾಂಪಸ್ (ಹಲವು ಕಾಲೇಜುಗಳಿಗೆ ಒಟ್ಟಿಗೆ ನಡೆಸೋ ಆಯ್ಕೆ) ಅಂತ ಹೇಳಿ ವಿದ್ಯಾರ್ಥಿಗಳಿಂದ ಪ್ರವೇಶ ಶುಲ್ಕ ಎತ್ತಬೇಡಿ, ಪ್ಲೇಸ್‌ಮೆಂಟ್ ಅಧಿಕಾರಿಗೆ ಉಡುಗೊರೆ ಕೊಡಬೇಡಿ. ಕಂಪನಿಯಿಂದ ಲಿಖಿತ ಹುದ್ದೆ ಸಂಖ್ಯೆ, ಸೇರುವ ತಿಂಗಳು ಇಲ್ಲದೆ ಬಂದ್ರೆ 200 ಮಕ್ಕಳನ್ನ ಕೂರಿಸಿ 4 ಜನಕ್ಕೆ "ಮುಂದೆ ತಿಳಿಸ್ತೀವಿ" ಅನ್ನೋ ಪರಿಸ್ಥಿತಿ ಆಗುತ್ತೆ. ಒಬ್ಬರಿಗೆ ಒಂದು ಆಫರ್ ಅನ್ನೋ ನಿಯಮ ಇರೋ ಕಾಲೇಜಲ್ಲಿ ಸೇರುವ ದಿನಾಂಕ ಇಲ್ಲದ ನಿಮ್ಮ ಪತ್ರ ಆ ಹುಡುಗನ ಬೇರೆ ಬಾಗಿಲುಗಳನ್ನೂ ಮುಚ್ಚುತ್ತೆ. ತರಬೇತಿ ಮಾರಿ ಅದಕ್ಕೆ "ಕೆಲಸ ಗ್ಯಾರಂಟಿ" ಅಂತ ಸೇರಿಸಿದ್ರೆ ಗ್ರಾಹಕರ ಆಯೋಗಕ್ಕೆ ನೀವೇ ದಾರಿ ಮಾಡಿಕೊಟ್ಟ ಹಾಗೆ.


ದುರ್ಗಿಗುಡಿ ಮಹಡಿ

ಎಲ್ಲರಿಗೂ ಧನ್ಯವಾದ. ನೋಂದಣಿ ಶುಲ್ಕ ಬೇಡ ಅಂತ ತೀರ್ಮಾನ ಆಯ್ತು, ಚಂದಾ ವಿಚಾರ ಅಂಗಡಿಯವರ ಹತ್ತಿರ ಮಾತಾಡ್ತೇವೆ. ಇನ್ನೆರಡು ಸಂದೇಹ. ಒಂದೇ ಬಯೋಡೇಟಾ ನಾವೂ ಕಳಿಸಿ ಇನ್ನೊಂದು ಕಚೇರಿಯವರೂ ಕಳಿಸಿದ್ರೆ ಶುಲ್ಕ ಯಾರಿಗೆ? ಮತ್ತೆ, ನನ್ನ ಪಾಲುದಾರರು ಹಿಂದೆ ಕೆಲಸ ಮಾಡ್ತಿದ್ದ ಕನ್ಸಲ್ಟೆನ್ಸಿಯಿಂದ ಸುಮಾರು 4,000 ಜನರ ಹೆಸರು, ನಂಬರ್ ಇರೋ ಎಕ್ಸೆಲ್ ತಂದಿದ್ದಾರೆ. ಅದನ್ನ ಬಳಸಬಹುದಲ್ವಾ?


ಕಾನೂನು ಕಟ್ಟೆ

ಎಕ್ಸೆಲ್ ಅಳಿಸಿ, ಇವತ್ತೇ. ಪೆನ್ ಡ್ರೈವ್, ಇ-ಮೇಲ್, ಫೋನು ಎಲ್ಲ ಕಡೆಯಿಂದ. ಅನುಮತಿ ಇಲ್ಲದೆ ಬೇರೆಯವರ ಕಂಪ್ಯೂಟರಿನಿಂದ ದತ್ತಾಂಶ ನಕಲು ಮಾಡೋದು 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಕಲಂನಲ್ಲಿ ಬರುತ್ತೆ. ಅಪ್ರಾಮಾಣಿಕ ಉದ್ದೇಶ ಇದ್ದರೆ 66ನೇ ಕಲಂ, ಮೂರು ವರ್ಷದವರೆಗೆ ಜೈಲು ಅಥವಾ 5 ಲಕ್ಷದವರೆಗೆ ದಂಡ, ಅಥವಾ ಎರಡೂ. ಆ 4,000 ಜನ ನಂಬರ್ ಕೊಟ್ಟಿದ್ದು ಆ ಕಚೇರಿಗೆ, ನಿಮಗಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾಗಿ ಹಂತ ಹಂತವಾಗಿ ಜಾರಿಯಾಗ್ತಿವೆ. ಯಾವ ಉದ್ದೇಶಕ್ಕೆ ಒಪ್ಪಿಗೆ ಕೊಟ್ಟರೋ ಅದಕ್ಕೇ ಬಳಸಬೇಕು, ಹಿಂತೆಗೆದುಕೊಂಡರೆ ಅಳಿಸಬೇಕು. ಮೊದಲಿನಿಂದಲೇ ಹಾಗೆ ಇಟ್ಟುಕೊಂಡರೆ ಆಮೇಲೆ ಪರದಾಡೋದು ತಪ್ಪುತ್ತೆ. ಆಧಾರ್ ಪ್ರತಿ ಸೇರುವ ಹಂತದವರೆಗೆ ಕೇಳಲೇಬೇಡಿ. ಕೇಳಿದರೂ ಕೊನೆಯ ನಾಲ್ಕು ಅಂಕಿ ಮಾತ್ರ ಕಾಣುವ ಮಾಸ್ಕ್ಡ್ ಪ್ರತಿ ಸಾಕು.


ತುಂಗಾ ಸೇತುವೆ

ಎರಡು ಕಡೆಯಿಂದ ಬಂದ ಬಯೋಡೇಟಾಗೆ ರೂಢಿ ಇದು: ಅಭ್ಯರ್ಥಿಯ ಒಪ್ಪಿಗೆ ಪಡೆದು ಮೊದಲು ಕಳಿಸಿದವರಿಗೆ ಶುಲ್ಕ. ಬರೀ ಮೊದಲು ಕಳಿಸಿದ್ರೆ ಸಾಲದು. ಕ್ಲೈಂಟ್ ಕರಾರಿನಲ್ಲಿ ಈ ಮಾತು, ಮತ್ತು ಅದರ ಅವಧಿ, ಸಾಮಾನ್ಯವಾಗಿ ಆರು ತಿಂಗಳು, ಬರೆಸಿಕೊಳ್ಳಿ. ಇದಿಲ್ಲದಿದ್ದರೆ ಕೆಲವು ಕಂಪನಿಗಳು ಜಗಳ ಯಾಕೆ ಅಂತ ಇಬ್ಬರನ್ನೂ ಬಿಟ್ಟು ಅಭ್ಯರ್ಥಿಯನ್ನೇ ಕೈಬಿಡ್ತಾರೆ. ಪೆಟ್ಟು ಬೀಳೋದು ಅವನಿಗೆ.

ಪ್ರತಿ ಹುದ್ದೆಗೂ ಬೇರೆ ಬೇರೆ ಒಪ್ಪಿಗೆ ಬೇಕು. ವಾಟ್ಸ್‌ಆ್ಯಪ್ ಸಂದೇಶ ಹೀಗಿರಲಿ:

"ನಮಸ್ಕಾರ. (ಕಂಪನಿ ಹೆಸರು), (ಸ್ಥಳ), (ಹುದ್ದೆ). ಶಿಫ್ಟ್ ಬೆಳಗ್ಗೆ 6ರಿಂದ 2. ಕೈಗೆ ಬರುವ ಸಂಬಳ ಸುಮಾರು ಇಷ್ಟು. ಬಾಂಡ್ ಇದೆ/ಇಲ್ಲ. ನಿಮ್ಮ ಬಯೋಡೇಟಾ ಈ ಕಂಪನಿಗೆ ಮಾತ್ರ ಕಳಿಸಬಹುದೇ? ಬೇರೆ ಯಾರ ಮೂಲಕವಾದರೂ ಈಗಾಗಲೇ ಇಲ್ಲಿಗೆ ಅರ್ಜಿ ಹಾಕಿದ್ದೀರಾ? ನಾವು ನಿಮ್ಮಿಂದ ಹಣ ಪಡೆಯುವುದಿಲ್ಲ. ಒಪ್ಪಿಗೆ ಇದ್ದರೆ ಹೌದು ಎಂದು ಬರೆಯಿರಿ."

ಕಂಪನಿ ಹೆಸರು ಗುಟ್ಟಾಗಿ ಇಡಬೇಕು ಅಂತ ಕ್ಲೈಂಟ್ ಹೇಳಿದ್ರೆ, ಕೋಡ್ ಹಾಕಿದ ಪ್ರತಿಯನ್ನ ಕಳಿಸೋವರೆಗೆ ಮಾತ್ರ ಗುಟ್ಟು. ಹೆಸರು, ಫೋನು ತೆರೆಯೋ ಮೊದಲು ಅವನಿಗೂ ಕಂಪನಿ ಯಾವುದು ಅಂತ ಗೊತ್ತಾಗಬೇಕು. ಉತ್ತರ ಬರದಿದ್ರೆ ಕಳಿಸಬೇಡಿ, ಫೋನಿನಲ್ಲಿ "ಆಯ್ತು ಸರ್" ಅಂದ್ರೂ ಸಂದೇಶ ಬರೋವರೆಗೆ ಕಾಯಿರಿ. ಆಯ್ಕೆಯಾಗದವರಿಗೂ ವಾರದೊಳಗೆ ತಿಳಿಸಿ, "ಈ ಹುದ್ದೆಗೆ ಬೇರೆಯವರನ್ನು ತೆಗೆದುಕೊಂಡಿದ್ದಾರೆ" ಅನ್ನೋ ಒಂದು ಸಾಲು ಸಾಕು. ನಿಮ್ಮ ಕಚೇರಿ ನಂಬರಿನ ಸಿಮ್ ಕಚೇರಿಯ ಹೆಸರಲ್ಲೇ ಇರಲಿ, ಕಚೇರಿ ಹುಡುಗನ ಸ್ವಂತ ಫೋನಿನಿಂದ ಇದನ್ನೆಲ್ಲ ಮಾಡಿಸಬೇಡಿ. ಅವನು ಕೆಲಸ ಬಿಟ್ಟ ದಿನ ನಿಮ್ಮ ಎಕ್ಸೆಲ್ ಅವನ ಜೊತೆ ಹೋಗುತ್ತೆ.